ನೋಡದೆ ಹಾಕಿದ ಇಪ್ಪತ್ತಾರು ಸಹಿ

ಆ ಸೋಮವಾರವೂ ನಾನು ಎಂದಿನಂತೆ ಐದೂವರೆಗೆ ಎದ್ದೆ. ಬಾಗಿಲಿಗೆ ನೀರು ಹಾಕಿ, ನಾಲ್ಕೆಳೆ ರಂಗೋಲಿ ಬಿಟ್ಟು, ಹಾಲು ಕಾಯಿಸಿ, ಮನೆಯವರಿಗೆ ಕಾಫಿ ಕೊಟ್ಟೆ. ಆಮೇಲೆ ಅಡುಗೆಮನೆಯ ಮೇಲಿನ ಶೆಲ್ಫಿನಿಂದ ಹಳೆಯ ಬಿಸ್ಕತ್ತಿನ ಡಬ್ಬಿ ಇಳಿಸಿದೆ. ಅದರಲ್ಲಿ ಒಂದು ಪುಟ್ಟ ಕಲ್ಲಿನ ಕುಟ್ಟಾಣಿ, ಮಾತ್ರೆಯ ಪಟ್ಟಿಗಳು, ಮುಚ್ಚಳದ ಬಾಟಲಿಗಳು, ಅಂಟುಚೀಟಿಗಳು, ನೀಲಿ ಪುಡಿಯ ಪೊಟ್ಟಣ, ಇನ್ನೂರು ಪುಟದ ಒಂದು ನೋಟ್‌ಬುಕ್ಕು. ಏಲಕ್ಕಿ ಕುಟ್ಟುವ ಕುಟ್ಟಾಣಿಯಲ್ಲಿ ಮಾತ್ರೆ ಕುಟ್ಟಬಾರದೆಂದು ಮಧುಗಿರಿ ಸಂತೆಯಲ್ಲಿ ಇದನ್ನು ಬೇರೆಯಾಗಿ ತಂದಿದ್ದೆ. ಇಂಥ ಸಣ್ಣ ವಿಷಯಗಳಲ್ಲಿ ನಾನು ಬಹಳ ಚೊಕ್ಕ.

ಆರೂ ಮುಕ್ಕಾಲಿಗೆ ಗೇಟಿನ ಚಿಲಕ ಸದ್ದಾಯಿತು. ಮಿಡಿಗೇಶಿಯಿಂದ ಮೊದಲ ಬಸ್ಸಿಗೆ ಬರುವ ನರ್ಸು. ಹುಟ್ಟೂರು ಪಾವಗಡದಾಚೆ, ಆಂಧ್ರದ ಗಡಿಯ ಹಳ್ಳಿ, ಕೊಟ್ಟದ್ದು ಮಿಡಿಗೇಶಿಗೆ. ಮೂವತ್ತು ದಾಟಿದ ಹೆಂಗಸು, ಆದರೂ ಚಪ್ಪಲಿ ಬಿಡುವಾಗ ಎರಡನ್ನೂ ಜೋಡಿಸಿ, ಗೋಡೆಗೆ ತಾಗಿಸಿ ಇಡುವುದರಲ್ಲಿ ಶಾಲೆಯ ಹುಡುಗಿಯ ಹಾಗೆ. ಅಂದು ಹೊಸದಾಗಿ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು.

"ಬಸ್ಸಲ್ಲಿ ಸೀಟ್ ಸಿಕ್ತು ಅಕ್ಕ. ಇಪ್ಪತ್ತಾರು ವಾರದಲ್ಲಿ ಮೊದಲ್ನೇ ಸರ್ತಿ. ಒಳ್ಳೇ ಶಕುನ ಅಲ್ವಾ?"

"ಕೂತ್ಕೊ. ಮೊದಲು ಮಾತ್ರೆ," ಎಂದೆ.

ಮಾತ್ರೆಯನ್ನು ಅವಳ ಎದುರಿಗೇ ಕುಟ್ಟಿ ಪುಡಿ ಮಾಡಿ, ಕಾಲು ಲೋಟ ನೀರಿಗೆ ಹಾಕಿ ಕೊಡಬೇಕು. ಇಡೀ ಮಾತ್ರೆ ಕೊಟ್ಟರೆ ಕೆನ್ನೆಯೊಳಗೆ ಅಡಗಿಸಬಹುದು. ಕುಡಿದ ಮೇಲೆ ಲೋಟಕ್ಕೆ ಇನ್ನಷ್ಟು ನೀರು ಹಾಕಿ ತಳದ ಪುಡಿಯನ್ನೂ ಕುಡಿಸಬೇಕು. ನಾಲಿಗೆ ಎತ್ತಿಸಿ ನೋಡಬೇಕು. ಆಮೇಲೆ ಹತ್ತು ನಿಮಿಷ ಕೂರಿಸಿಕೊಂಡು ಮಾತಾಡಬೇಕು, ಹೊರಗೆ ಹೋಗಿ ಕಕ್ಕಿಕೊಳ್ಳದ ಹಾಗೆ. ಈ ಮಾತ್ರೆ ಹೊಟ್ಟೆಯಲ್ಲಿರುವಾಗ ಅವಳಿಗೆ ಚಟ ಹತ್ತಿದ್ದ ನೋವಿನ ಇಂಜೆಕ್ಷನ್ ಚುಚ್ಚಿಕೊಂಡರೂ ಅದರ ಅಮಲು ಏರುವುದಿಲ್ಲ. ಅವಳು ಬಂದ ಒಂದು ದಿನವೂ ಇದನ್ನೆಲ್ಲ ನಾನು ತಪ್ಪಿಸಿದವಳಲ್ಲ. ಅವಳ ನಾಲಿಗೆಯ ಎಡಗಡೆ ಒಂದು ಕಪ್ಪು ಚುಕ್ಕೆಯಿದೆ ಎಂಬುದು ಅವಳ ಗಂಡನಿಗೂ ಗೊತ್ತಿರಲಾರದು, ನನಗೆ ಗೊತ್ತು.

ಸೋಮವಾರ ಮಾತ್ರ ಇನ್ನೊಂದು ಕೆಲಸವಿತ್ತು. ಮೂತ್ರದ ಬಾಟಲಿ.

ನಮ್ಮದು ಹಳೆಯ ಮನೆ. ಬಚ್ಚಲು ಹಿತ್ತಲಿನಲ್ಲಿ, ತಗಡಿನ ಬಾಗಿಲು. ಬಾಗಿಲಿಗೆ ಎದುರಾಗಿ ಕಾಂಪೌಂಡ್ ಗೋಡೆಗೆ ಒತ್ತಿಕೊಂಡು ಒಂದು ಕರಿಬೇವಿನ ಗಿಡ. ನಾನು ಮೊದಲು ಹೋಗಿ ಬಕೆಟ್ಟಿನ ನೀರಿಗೂ ತೊಟ್ಟಿಯ ನೀರಿಗೂ ನೀಲಿ ಪುಡಿ ಕದಡಿ ಬರುತ್ತಿದ್ದೆ, ಬಾಟಲಿಗೆ ನೀರು ಬೆರೆಸಿದರೆ ಬಣ್ಣ ಹೇಳಲಿ ಎಂದು. ಅವಳು ಒಳಗೆ ಹೋಗುತ್ತಿದ್ದಳು. ಬಾಗಿಲು ತೆರೆದೇ ಇರಬೇಕು. ಸಾಕ್ಷಿಯಾದವಳು ಎರಡು ಹೆಜ್ಜೆ ದೂರದಲ್ಲಿ, ಅವಳ ಕಡೆ ಮುಖ ಮಾಡಿ ನಿಂತು, ಬಾಟಲಿ ತುಂಬುವುದನ್ನು ನೋಡಬೇಕು. ನಾಲ್ಕು ನಿಮಿಷದೊಳಗೆ ಬಾಟಲಿಯ ಹೊರಮೈಯ ಪಟ್ಟಿಯಲ್ಲಿ ಶಾಖ ಓದಿ ಬರೆಯಬೇಕು. ಮುಚ್ಚಳದ ಮೇಲೆ ಚೀಟಿ ಅಂಟಿಸಿ, ಅರ್ಧ ಚೀಟಿಗೆ ಅರ್ಧ ಬಾಟಲಿಗೆ ಬರುವಂತೆ ಸಹಿ ಹಾಕಬೇಕು. ಪುಸ್ತಕದ ಕೊನೆಯ ಕಾಲಂನ ತಲೆಬರಹ 'ಕಣ್ಣಾರೆ ನೋಡಿದ್ದೇನೆ'. ಅಲ್ಲಿ ಇನ್ನೊಂದು ಸಹಿ.

ಅಂದೂ ಅವಳು ಒಳಗೆ ಹೋದಳು. ನಾನು ಕರಿಬೇವಿನ ಗಿಡದ ಕಡೆ ತಿರುಗಿ, ಕೈಕಟ್ಟಿ ನಿಂತೆ. ಚಿಗುರಿಗೆ ಕಪ್ಪು ಹುಳ ಹತ್ತಿತ್ತು, ಎರಡು ಕಡ್ಡಿ ಒಣಗಿತ್ತು. "ಆಯ್ತು ಅಕ್ಕ," ಎಂದಾಗ ತಿರುಗಿದೆ. ಶಾಖ ಮೂವತ್ತೈದು. ಬರೆದೆ. ಸಹಿ ಹಾಕಿದೆ. ಆ ಕಾಲಂನಲ್ಲಿ ಅದು ಇಪ್ಪತ್ತಾರನೆಯದು.

ಈ ಕೆಲಸಕ್ಕೆ ನನ್ನನ್ನು ಎಳೆದವರು ನಿವೃತ್ತ ಮೇಟ್ರನ್ ಒಬ್ಬರು. ಚನ್ನರಾಯನದುರ್ಗದ ಕಡೆಯವರು, ಈಗ ನಮ್ಮ ಹಿಂದಿನ ಬೀದಿಯಲ್ಲಿದ್ದಾರೆ. ನನ್ನ ಎರಡನೇ ಹೆರಿಗೆಯಲ್ಲಿ ಕೈ ಹಿಡಿದುಕೊಂಡು ನಿಂತವರು. ವಾರ್ಡಿನಲ್ಲೇ ಔಷಧಕ್ಕೆ ಅಂಟಿಕೊಂಡ ನರ್ಸುಗಳು ಯಾರಿಗೂ ಹೇಳಿಕೊಳ್ಳಲಾಗದೆ ಕೆಲಸ ಬಿಟ್ಟು ಮಾಯವಾಗುವುದನ್ನು ಮೂವತ್ತು ವರ್ಷ ಕಂಡಿದ್ದರು. ತುಮಕೂರಿನ ಒಬ್ಬ ಮನೋವೈದ್ಯೆಯ ಜೊತೆ ಸೇರಿ ಅಂಥವರನ್ನು ಮತ್ತೆ ಕೆಲಸಕ್ಕೆ ಹತ್ತಿಸುವ ಒಂದು ಏರ್ಪಾಡು ಮಾಡಿದ್ದರು. ಚಿಕಿತ್ಸೆ ಅಲ್ಲಿ, ದಿನದಿನದ ಮಾತ್ರೆ ಇಲ್ಲಿ. ಅದಕ್ಕೆ ಮನೆಯವರೂ ಅಲ್ಲದ, ಆಸ್ಪತ್ರೆಯವರೂ ಅಲ್ಲದ ಒಬ್ಬ ಸಾಕ್ಷಿ ಬೇಕು.

"ನಿಂಗೆ ಬಾಯಿ ಬಿಗಿ ಇದೆ, ಅಕ್ಷರ ಚೆಂದ ಇದೆ, ಮನೆ ಬಸ್‌ಸ್ಟ್ಯಾಂಡಿಗೆ ಹತ್ರ ಇದೆ. ಇನ್ನೇನ್ ಬೇಕಮ್ಮ?" ಎಂದಿದ್ದರು.

ಮೊದಲು ಕೊರಟಗೆರೆ ತಾಲ್ಲೂಕಿನ ಕೊಳಾಲದ ಹುಡುಗಿಯೊಬ್ಬಳಿಗೆ ಸಾಕ್ಷಿಯಾದೆ. ನಿದ್ದೆ ಮಾತ್ರೆಯ ಚಟ. ಅವಳು ಆರು ತಿಂಗಳು ಮುಗಿಸಿ ಕೆಲಸಕ್ಕೆ ಹೋದಳು. ಹೋಗುವಾಗ ನನ್ನ ಕಾಲು ಮುಟ್ಟಿದಳು. ನಾನು ಬೀಗಿದೆ.

ಯಾಕೆ ನೋಡಲಿಲ್ಲ ಎಂದರೆ ನನಗಿದ್ದ ಉತ್ತರ ಒಂದೇ, ಮರ್ಯಾದೆ. ಹತ್ತು ವರ್ಷ ಕಾನ್ವೆಂಟಿನ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ಅಲ್ಲಿ ಸ್ನಾನವೂ ಲಂಗ ಉಟ್ಟುಕೊಂಡೇ. ಬಾಗಿಲು ತಟ್ಟದೆ ಒಳಗೆ ಹೋದರೆ ಮಂಡಿಯೂರಬೇಕಿತ್ತು. ಇನ್ನೊಬ್ಬಳು ಮುಜುಗರದಲ್ಲಿದ್ದಾಗ ಮುಖ ತಿರುಗಿಸುವುದೇ ಸಭ್ಯತೆ ಎಂದು ಸಿಸ್ಟರುಗಳು ಕಲಿಸಿದ್ದರು. ಆ ಪಾಠ ಕೆಟ್ಟದ್ದೆಂದು ಈಗಲೂ ಅನ್ನಲಾರೆ. ಆದರೆ ನನಗೆ ಒಪ್ಪಿಸಿದ್ದ ಕೆಲಸವೇ ಮುಖ ತಿರುಗಿಸದೆ ನಿಲ್ಲುವುದು. ಅಷ್ಟಕ್ಕೇ ನನ್ನನ್ನು ನಂಬಿದ್ದರು.

ಮೊದಲ ಸೋಮವಾರ ಅವಳೇ ಕರೆದಿದ್ದಳು. "ಅಕ್ಕ, ಇತ್ಲಾಗ್ ತಿರುಗ್ಬೇಕಂತೆ ನೀವು. ಮೇಟ್ರನಮ್ಮ ಹೇಳವ್ರೆ."

"ಛೆ, ಬಿಡಮ್ಮ. ನಿನ್ನ ಮೇಲೆ ನನಗೆ ನಂಬಿಕೆ ಇಲ್ಲವಾ?"

ಎರಡನೇ ವಾರ ಮತ್ತೆ ಕರೆದಳು, ಮೂರನೇ ವಾರವೂ. ನಾಲ್ಕನೇ ವಾರದಿಂದ ಕರೆಯಲಿಲ್ಲ.

ಆ ಹತ್ತು ನಿಮಿಷಗಳಲ್ಲಿ ಅವಳು ತನ್ನ ಕಥೆಯನ್ನು ತುಂಡುತುಂಡಾಗಿ ಹೇಳಿದ್ದಳು. ಹಳೆಯ ಆಸ್ಪತ್ರೆಯಲ್ಲಿ ರೋಗಿಯನ್ನು ಎತ್ತುವಾಗ ಸೊಂಟ ಹಿಡಿಯಿತು. ನೋವಿಗೆ ಒಂದು ಇಂಜೆಕ್ಷನ್, ಮಾರನೆಯ ದಿನ ಇನ್ನೊಂದು. ಆಮೇಲೆ ನೋವಿಲ್ಲದಿದ್ದರೂ ಕೈ ಕೇಳತೊಡಗಿತು. ಡಾಕ್ಟರು ರೋಗಿಗೆ ಅರ್ಧ ಆಂಪೂಲ್, ಅಂದರೆ ಮದ್ದಿನ ಗಾಜಿನ ಸೀಸೆಯಲ್ಲಿ ಅರ್ಧ, ಬರೆದರೆ ಉಳಿದರ್ಧವನ್ನು ಇನ್ನೊಬ್ಬ ನರ್ಸಿನ ಎದುರು ಸಿಂಕಿಗೆ ಚೆಲ್ಲಿ, ಇಬ್ಬರೂ ಸಹಿ ಹಾಕಬೇಕು.

"ನನ್ ಜೊತೆ ಡ್ಯೂಟಿ ಮಾಡೋಳು ನೋಡ್ತಾನೇ ಇರ್ಲಿಲ್ಲ ಅಕ್ಕ. 'ನೀನು ಚೆಲ್ಲಿರ್ತೀಯ ಬುಡು, ಕೊಡಿಲ್ಲಿ' ಅಂತ ಸೈನ್ ಹಾಕ್ಬುಡೋಳು. ಚೆಲ್ಲದ ಅರ್ಧ ನಾನು ಚುಚ್ಕಂತಿದ್ದೆ. ಒಳ್ಳೇ ಮನುಷ್ಯಳೇ. ಒಂದ್ಸರ್ತಿ, ಒಂದೇ ಸರ್ತಿ ಅವ್ಳು ತಿರುಗಿ ನೋಡಿದ್ದಿದ್ರೆ..."

ನಾನು ಲೊಚಗುಟ್ಟಿದೆ. ಎಂಥ ಹುಡುಗಿ, ಇಷ್ಟು ಬೇಜವಾಬ್ದಾರಿಯಾ ಎಂದೂ ಅಂದೆ. ಅದು ಐದನೇ ವಾರ. ಅಂದಿನ ಬಾಟಲಿಗೂ ಗಿಡವನ್ನೇ ನೋಡಿ ಸಹಿ ಹಾಕಿದ್ದೆ. ಎರಡು ಸಹಿಗಳ ನಡುವಿನ ಹೋಲಿಕೆ ನನಗೆ ಹೊಳೆಯಲೇ ಇಲ್ಲ ಎಂದರೆ ಯಾರು ನಂಬುತ್ತಾರೋ ತಿಳಿಯದು.

ಹನ್ನೆರಡು ವಾರ ಲ್ಯಾಬಿನ ವರದಿ ಸ್ವಚ್ಛವಾಗಿದ್ದರೆ ವಾರ್ಡಿಗೆ, ಹಗಲು ಪಾಳಿಗೆ ಮಾತ್ರ. ಔಷಧದ ಬೀರುವಿನ ಬೀಗದ ಕೈ ಮುಟ್ಟುವಂತಿಲ್ಲ. ಇಪ್ಪತ್ತಾರು ವಾರ ಮುಗಿದರೆ ಬೀಗದ ಕೈ ಕೊಡುವ ಬಗ್ಗೆ ಮಾತು. ಬೀಗದ ಕೈ ಇಲ್ಲದ ನರ್ಸಿಗೆ ವಾರ್ಡಿನಲ್ಲಿ ಆಯಾಗಿಂತ ಹೆಚ್ಚಿನ ಬೆಲೆಯಿಲ್ಲ ಎಂದು ಅವಳೇ ಹೇಳುತ್ತಿದ್ದಳು. ರಾತ್ರಿ ಪಾಳಿ ಇಲ್ಲ, ಹೆಚ್ಚು ಕಾಯಿಲೆಯವರನ್ನು ನೋಡಿಕೊಳ್ಳುವಂತಿಲ್ಲ. ಅವಳನ್ನು ಒಪ್ಪಿಕೊಂಡಿದ್ದು ಶಿರಾದ ಒಂದು ಖಾಸಗಿ ನರ್ಸಿಂಗ್ ಹೋಂ ಮಾತ್ರ. ಆ ಸೋಮವಾರ ಹನ್ನೊಂದು ಗಂಟೆಗೆ ಅಲ್ಲಿ ಬೀಗದ ಕೈಯ ತೀರ್ಮಾನ. ನಾನೂ ಪುಸ್ತಕ ಹಿಡಿದುಕೊಂಡು ಬರಬೇಕೆಂದು ಹೇಳಿ ಕಳಿಸಿದ್ದರು. ಮೇಟ್ರನ್ ತುಮಕೂರಿನಿಂದ ನೇರವಾಗಿ ಬರುವವರಿದ್ದರು.

ಚಿತ್ರಾನ್ನ ತಿಂದು ಇಬ್ಬರೂ ಶಿರಾ ಬಸ್ಸು ಹತ್ತಿದೆವು. ಕಿಟಕಿಯ ಪಕ್ಕ ಅವಳು. ಊರು ದಾಟಿ, ರಸ್ತೆಯ ಬದಿಯಲ್ಲಿ ಹುಣಸೆಹಣ್ಣು ಬಡಿಯುತ್ತಿದ್ದವರು ಕಾಣತೊಡಗಿದರು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದಳು.

"ಅಕ್ಕ, ಒಂದ್ ಮಾತು. ಬೈಬ್ಯಾಡಿ."

"ಹೇಳು."

"ಹನ್ನೊಂದನೇ ವಾರದ ಬಾಟ್ಲಿ ನಂದಲ್ಲ."

ನನಗೆ ಕೇಳಿಸಿತು. ಆದರೂ "ಏನು?" ಎಂದೆ.

"ನಮ್ ನಾದಿನೀದು. ಸಣ್ಣ ಬಾಟ್ಲೀಲಿ ತುಂಬ್ಕಂಡು ಸೊಂಟಕ್ಕೆ ಸಿಗಿಸ್ಕಂಡು ಬಂದಿದ್ದೆ. ಮೈ ಶಾಖಕ್ಕೆ ಬೆಚ್ಚಗಿತ್ತು. ನಮ್ ಚಿಕ್ಕಪ್ಪ ತೀರ್ಕಂಡಾಗ ಊರಿಗೆ ಹೋಗಿದ್ನಲ್ಲ, ಆವಾಗ... ನಾಕು ದಿನ. ದಿನಕ್ಕೆ ಎರಡು, ಮೂರು. ಅಲ್ಲೊಬ್ಬ ಡಾಕ್ಟ್ರು ಅಂತ ಬೋರ್ಡು ಹಾಕ್ಕಂಡಿರೋನು ಅವ್ನೆ, ಕೇಳಿದ್ರೆ ಚುಚ್ತಾನೆ. ಆಮೇಲೆ ಇಲ್ಲ ಅಕ್ಕ. ನನ್ ಮಗಳಾಣೆಗೂ ಇಲ್ಲ. ಅದೇ ಕೊನೆ."

ನೆನಪಾಯಿತು. ಆ ನಾಲ್ಕು ದಿನಕ್ಕೆ ನಾನು ನಾಲ್ಕು ಮಾತ್ರೆಗಳನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಟ್ಟಿದ್ದೆ. ಸಾವಿನ ಮನೆಗೆ ಹೊರಟವಳ ಬೆನ್ನಿಗೆ ಸಾಕ್ಷಿ ಹುಡುಕುವುದು ಹೇಗೆ ಎಂದು ಸುಮ್ಮನಾಗಿದ್ದೆ. ಅವನ್ನು ಅವಳು ನುಂಗಿರಲೇ ಇಲ್ಲ. ತಿರುಗಿ ಬಂದ ಸೋಮವಾರ ಕುಟ್ಟಿದ ಮಾತ್ರೆ ಕುಡಿದು ಅರ್ಧ ಗಂಟೆಗೆ ನನ್ನ ಅಡುಗೆಮನೆಯ ಗೋಡೆಗೆ ಒರಗಿ ಕೂತುಬಿಟ್ಟಿದ್ದಳು. ಮೂಗು ಸೋರುತ್ತಿತ್ತು, ಮೇಲಿಂದ ಮೇಲೆ ಆಕಳಿಕೆ, ಮುಂಗೈಯ ರೋಮವೆಲ್ಲ ಎದ್ದು ನಿಂತಿತ್ತು. ಹಿತ್ತಲಿಗೆ ಓಡಿ ಎರಡು ಸಲ ವಾಂತಿ ಮಾಡಿದಳು. ಕಾರ್ತಿಕದ ಚಳಿ, ಜೊತೆಗೆ ಸಾವಿನ ಮನೆಯ ಊಟದ ವ್ಯತ್ಯಾಸ ಎಂದುಕೊಂಡು ಜೀರಿಗೆ ಕಷಾಯ ಮಾಡಿ ಕೊಟ್ಟೆ, ನನ್ನ ಶಾಲು ಹೊದಿಸಿದೆ. ಒಳಗೆ ಆ ಔಷಧವಿದ್ದಾಗ ಈ ಮಾತ್ರೆ ಬಿದ್ದರೆ ಮೈ ಹೀಗೆಯೇ ತಿರುಗಿ ಬೀಳುತ್ತದೆಂದು ಮೇಟ್ರನ್ ಹೇಳಿಕೊಟ್ಟಿದ್ದರು. ಬರೆದೂ ಕೊಟ್ಟಿದ್ದರು. ಮೂಗು, ಆಕಳಿಕೆ, ರೋಮ, ವಾಂತಿ, ಇದೇ ಸಾಲಿನಲ್ಲಿ. ಆ ಚೀಟಿ ಬಿಸ್ಕತ್ತಿನ ಡಬ್ಬಿಯಲ್ಲೇ ಇತ್ತು. ನನ್ನ ಕಣ್ಣು ಎಲ್ಲವನ್ನೂ ಕಂಡಿತ್ತು. ಪುಸ್ತಕದಲ್ಲಿ ಬರೆದದ್ದು 'ಅಜೀರ್ಣ'.

ಮತ್ತೆರಡು ವಾರಕ್ಕೆ ಅವಳು ಶಿರಾದ ವಾರ್ಡಿನಲ್ಲಿ ರೋಗಿಗಳ ಪಕ್ಕದಲ್ಲಿದ್ದಳು. ನನ್ನ ಸಹಿಯ ಬಲದ ಮೇಲೆ.

"ಇವತ್ತು ಹೇಳ್ಬುಡ್ತೀನಿ ಅಕ್ಕ," ಅಂದಳು. "ಹೇಳ್ದೆ ಬೀಗದ ಕೈ ಇಸ್ಕಂಡ್ರೆ ಅದು ಸುಡ್ತದೆ."

ಈಗ ಬರೆಯಲು ಹಿಂಜರಿಕೆಯಾಗುವ ಜಾಗ ಇದು. ನಾನು ಅವಳ ಕೈ ಹಿಡಿದು, ಬಹಳ ಮೆತ್ತಗೆ, "ಈಗ ಯಾಕಮ್ಮ ಅದೆಲ್ಲ? ಆಗಿಹೋದದ್ದು. ನಿನ್ನ ಕೆಲಸ ಹೋಗುತ್ತೆ, ಮಗಳಿದ್ದಾಳೆ. ಸುಮ್ಮನಿರು," ಎಂದೆ. ಅವಳ ಒಳ್ಳೆಯದಕ್ಕೇ ಹೇಳುತ್ತಿರುವ ಧ್ವನಿ. ಆದರೆ ನನ್ನ ಮನಸ್ಸಿನಲ್ಲಿದ್ದದ್ದು ಮೇಟ್ರನ್ನರ ಮುಖ, ನನ್ನ ಚೆಂದದ ಅಕ್ಷರ, ಆ ಕಾಲಂ. ಅವಳು ಬಾಯಿ ಬಿಟ್ಟರೆ ನಾನು ಗಿಡ ನೋಡುತ್ತಿದ್ದದ್ದು ಹೊರಬೀಳುತ್ತದೆ.

ಅವಳು ನನ್ನನ್ನು ಒಮ್ಮೆ ನೋಡಿದಳು. "ಸರೀ ಅಕ್ಕ, ನೀವು ಹೇಳಿದಂಗೆ," ಎಂದು ಕಿಟಕಿಯ ಕಡೆ ತಿರುಗಿದಳು.

ನರ್ಸಿಂಗ್ ಹೋಮಿನಲ್ಲಿ ಮೇಟ್ರನ್ ಇನ್ನೂ ಬಂದಿರಲಿಲ್ಲ. ವಾರ್ಡಿನ ಮುಖ್ಯ ಸಿಸ್ಟರು, ಶಿರಾದವರೇ, ಐವತ್ತರ ಆಸುಪಾಸಿನ ಮುಸ್ಲಿಂ ಹೆಂಗಸು, ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಕುರ್ಚಿ ಎಳೆದರು.

"ಬನ್ನಿ ಅಮ್ಮಾ, ಜರಾ ಕೂತ್ಕೊಳ್ಳಿ. ಒಂದು ಇಂಜೆಕ್ಷನ್ ಇದೆ, ಕೊಟ್ಟು ಬಂದುಬಿಡ್ತೀನಿ. ನೋಡ್ತೀರಾ ನಮ್ ಖಜಾನೆ?"

ಗೋಡೆಗೆ ಹೊಡೆದ ಉಕ್ಕಿನ ಬೀರು, ಅದರೊಳಗೆ ಇನ್ನೊಂದು ಬೀರು. ಎರಡು ಬೀಗ, ಎರಡು ಕೈ. ಒಂದು ಅವರ ಸೊಂಟದಲ್ಲಿ, ಇನ್ನೊಂದು ಜೊತೆಯ ನರ್ಸಿನ ಕೊರಳ ದಾರದಲ್ಲಿ. ಇಬ್ಬರೂ ಸೇರದೆ ತೆರೆಯುವಂತಿಲ್ಲ. ಆಂಪೂಲ್ ಒಡೆದು, ಅರ್ಧ ಎಳೆದುಕೊಂಡು, ಉಳಿದದ್ದನ್ನು ಸಿಂಕಿನ ಮೇಲೆ ಹಿಡಿದರು. ಜೊತೆಯ ನರ್ಸು ಪುಸ್ತಕಕ್ಕೆ ಸಹಿ ಹಾಕಲು ಬಗ್ಗಿದ್ದಳು.

"ಏಯ್, ಎಲ್ಲಿ ಬರೀತಿದೀಯ? ನೋಡು ಮೊದ್ಲು! ನಾನು ಚೆಲ್ಲೋದು ನೋಡು, ಆಮೇಲೆ ಹಾಕು."

"ನಿಮ್ದೂ ನೋಡ್ಬೇಕಾ ಸಿಸ್ಟರ್?"

"ನಮ್ಮಮ್ಮ ಕಬರಸ್ತಾನದಿಂದ ಎದ್ದು ಬಂದು ಚೆಲ್ಲಿದ್ರೂ ನೋಡ್ಬೇಕು ಕಣೇ." ಆಮೇಲೆ ನನ್ನ ಕಡೆ ತಿರುಗಿ ನಕ್ಕರು. "ಇವರಿಗೆ ಗೊತ್ತು. ನಮ್ದೂ ಇವರ್ದೂ ಒಂದೇ ಕೆಲಸ ಅಲ್ವಾ ಅಮ್ಮಾ?"

ನಾನು ಕೈಚೀಲವನ್ನು ಮಡಿಲಿಗೆ ಎಳೆದುಕೊಂಡೆ. ಒಳಗಿನ ಪುಸ್ತಕ ಭಾರವಾಗಿತ್ತು.

ಮೇಟ್ರನ್ ಬಂದರು. ಮಾಲೀಕ ಡಾಕ್ಟರ ಕೋಣೆಯಲ್ಲಿ ನಾವು ಐವರು ಕೂತೆವು. ಡಾಕ್ಟರು ಅವಸರದ ಮನುಷ್ಯ, ಪೆನ್ನಿನ ಕ್ಯಾಪ್ ತೆಗೆಯುವುದು ಹಾಕುವುದು ಮಾಡುತ್ತಲೇ ನನ್ನ ಪುಸ್ತಕ ತಿರುವಿದರು.

"ಏನ್ ಅಕ್ಷರ ಅಮ್ಮ! ನಮ್ಮ ಕೇಸ್ ಶೀಟುಗಳು ಹಿಂಗಿದ್ರೆ ನಾನು ಅರ್ಧ ಆಯಸ್ಸು ಉಳಿಸ್ಕೋತಿದ್ದೆ. ಲ್ಯಾಬ್ ರಿಪೋರ್ಟೂ ಇಪ್ಪತ್ತೈದೂ ಕ್ಲೀನು. ಇವತ್ತಿಂದು ಬರ್ಬೇಕು ಅಷ್ಟೆ." ತಲೆಯೆತ್ತಿದರು. "ಒಂದ್ ಮಾತು ಬಾಯಲ್ಲೂ ಹೇಳ್ಬುಡಿ. ಎಲ್ಲಾ ನೀವೇ ನಿಂತು, ಕಣ್ಣಾರೆ ನೋಡಿದ್ದು ತಾನೆ? ನೀವು ಹ್ಞೂಂ ಅಂದ್ರೆ ಇವತ್ತೇ ಕೀ ಕೊಟ್ಬಿಡ್ತೀನಿ."

ಮೇಜಿನ ಮೇಲೆ ಒಂದು ಕರಿದಾರಕ್ಕೆ ಕಟ್ಟಿದ ಕೀ ಇಟ್ಟಿದ್ದರು. ಹೊಸ ದಾರ. ಅವಳಿಗೆಂದೇ ತರಿಸಿದ್ದಿರಬೇಕು. ಅವಳು ಅದನ್ನು ನೋಡದೆ ತನ್ನ ಉಗುರು ನೋಡುತ್ತಿದ್ದಳು. ಆಮೇಲೆ ಅವಳು ಉಸಿರು ಎಳೆದುಕೊಂಡ ಸದ್ದು ಕೇಳಿತು. ಆರು ತಿಂಗಳಿಂದ ದಿನಾ ಆ ಮುಖವನ್ನು ಹತ್ತಿರದಿಂದ ನೋಡಿದವಳು ನಾನು. ನನ್ನ ಮಾತು ಮೀರಿ ಅವಳು ಹೇಳಲಿದ್ದಾಳೆಂದು ತಿಳಿಯಿತು. ಅವಳು ಮೊದಲು ಹೇಳಿದರೆ ತಪ್ಪೆಲ್ಲ ಅವಳದಾಗುತ್ತದೆ. ನಾನು ಮೋಸ ಹೋದ ಒಳ್ಳೆಯ ಹೆಂಗಸಾಗಿ ಮನೆಗೆ ಹೋಗುತ್ತೇನೆ. ಒಂದು ಕ್ಷಣ, ಒಂದೇ ಕ್ಷಣ, ಹಾಗೇ ಆಗಲಿ ಎಂದೂ ಅನಿಸಿತು.

"ಇಲ್ಲ," ಎಂದೆ.

"ಏನಿಲ್ಲ?"

"ನೋಡಿಲ್ಲ. ಮಾತ್ರೆ ನೋಡಿದ್ದೇನೆ, ಅವಳು ಬಂದ ದಿನವೆಲ್ಲ. ಬಾಟಲಿ ಒಂದು ವಾರವೂ ನೋಡಿಲ್ಲ. ಇಪ್ಪತ್ತಾರೂ ಸುಳ್ಳು ಸಹಿ."

ಡಾಕ್ಟರ ಪೆನ್ನು ನಿಂತಿತು. "ಮತ್ತೆ ಅಲ್ಲಿ ನಿಂತ್ಕೊಂಡು ಏನ್ ನೋಡ್ತಿದ್ರಿ ಅಮ್ಮ?"

"ಕರಿಬೇವಿನ ಗಿಡ."

ಯಾರೂ ನಗಲಿಲ್ಲ. ಮುಖ್ಯ ಸಿಸ್ಟರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮೇಟ್ರನ್ ನನ್ನನ್ನು ನೋಡಲಿಲ್ಲ. ಅವರು ಕನ್ನಡಕ ತೆಗೆದು, ಸೀರೆಯ ಅಂಚಿನಲ್ಲಿ ಒರೆಸಿ, ಹಾಕಿಕೊಳ್ಳದೆ ಕೈಯಲ್ಲೇ ಹಿಡಿದಿದ್ದರು.

ಆಮೇಲೆ ನರ್ಸು ಹೇಳಿದಳು. ಹನ್ನೊಂದನೇ ವಾರ, ನಾದಿನಿ, ನಾಲ್ಕು ದಿನ, ಎಲ್ಲವನ್ನೂ. ಅಳಲಿಲ್ಲ. ವಾರ್ಡಿನಲ್ಲಿ ಪಾಳಿ ಬದಲಾಗುವಾಗ ರೋಗಿಯ ವಿವರ ಒಪ್ಪಿಸುವ ಧಾಟಿಯಲ್ಲಿ ಹೇಳಿದಳು. ಬಸ್ಸಿನಲ್ಲಿ ನಾನು ಬಾಯಿ ಮುಚ್ಚಿಸಿದ್ದನ್ನು ಮಾತ್ರ ಹೇಳಲಿಲ್ಲ. ಅದನ್ನು ನಾನೇ ಹೇಳಬೇಕಾಯಿತು.

"ಅಂದ್ರೆ ನಾನು ಯಾರನ್ನ ನಂಬಿ ಇವಳನ್ನ ಪೇಷಂಟ್ ಹತ್ರ ಬಿಟ್ಟೆ?" ಎಂದು ಡಾಕ್ಟರು ಪುಸ್ತಕವನ್ನು ನನ್ನತ್ತ ತಳ್ಳಿದರು. "ಸಾಕು. ಇವತ್ತೇ ಬಿಡಿಸಿಬಿಡೋಣ. ನಂಗೆ ತಲೆನೋವು ಬೇಡ."

"ಸರ್, ಜರಾ ತಡೀರಿ," ಎಂದರು ಮುಖ್ಯ ಸಿಸ್ಟರು. "ವಾರ್ಡಲ್ಲಿ ಇವಳು ಕೀ ಮುಟ್ಟಿಲ್ಲ. ಒಂದು ಆಂಪೂಲ್ ಲೆಕ್ಕ ತಪ್ಪಿಲ್ಲ, ಅದು ನನ್ನ ಸಹಿ, ನೋಡಿ ಹಾಕಿದ ಸಹಿ. ಮತ್ತೆ ಇದನ್ನ ಯಾರು ಹಿಡಿದ್ರು? ಯಾರೂ ಇಲ್ಲ. ಇವಳೇ ಹೇಳಿದ್ದು."

'ನೋಡಿ ಹಾಕಿದ' ಎಂದು ಅವರು ನನ್ನನ್ನು ಚುಚ್ಚಲು ಹೇಳಿದ್ದಲ್ಲ. ಚುಚ್ಚಿತು.

ಮಾತು ಮುಕ್ಕಾಲು ಗಂಟೆ ಎಳೆಯಿತು. ಕೊನೆಗೆ ಮೇಟ್ರನ್ ಬೆರಳು ಮಡಿಚಿ ಹೇಳಿದರು. ಅಂದಿನ ಬೆಳಗಿನ ಬಾಟಲಿ ಲೆಕ್ಕಕ್ಕಿಲ್ಲ, ಚೆಲ್ಲಬೇಕು. ವಾರಗಳ ಎಣಿಕೆ ಒಂದರಿಂದ ಶುರು, ಅದೇ ಸಂಜೆಯಿಂದ. ಎರಡು ವರದಿ ಬರುವವರೆಗೆ ಅವಳು ವಾರ್ಡಿಗೆ ಕಾಲಿಡುವಂತಿಲ್ಲ. ಬಂದ ಮೇಲೆ ಮತ್ತೆ ಹಗಲು ಪಾಳಿ. ಬೀಗದ ಕೈ ಮಾತು ಇನ್ನು ಆರು ತಿಂಗಳಿಗೆ.

"ಸಾಕ್ಷಿನೂ ಬದಲಾಗಬೇಕು," ಎಂದರು ಡಾಕ್ಟರು.

ನಾನು ತಲೆಯಾಡಿಸಿದೆ. ಅದು ಸರಿಯೇ.

"ಬ್ಯಾಡ ಸಾರ್," ಎಂದಳು ನರ್ಸು. "ಅಕ್ಕನೇ ಇರ್ಲಿ. ಮತ್ತೊಬ್ರ ಮುಂದೆ ಮೊದ್ಲಿಂದ ಎಲ್ಲಾ ಹೇಳಕ್ಕೆ ನನ್ ಕೈಲಿ ಆಗಲ್ಲ. ಚಾಲು ನಂಗೆ." ಸಾಕು ಎಂಬುದಕ್ಕೆ ಅವಳು ದಣಿದಾಗ ಯಾವಾಗಲೂ ತವರಿನ ತೆಲುಗೇ ಬರುತ್ತದೆ. ಆಮೇಲೆ ನನ್ನ ಕಡೆ ನೋಡದೆ, "ಈ ಸರ್ತಿ ನೋಡ್ತಾರೆ ಬುಡಿ," ಎಂದಳು.

ಅದನ್ನು ಕ್ಷಮೆ ಎಂದು ನಾನು ಎಣಿಸಿಕೊಂಡಿಲ್ಲ.

ಒಂದು ವಾರ ನನ್ನಲ್ಲಿ, ಒಂದು ವಾರ ಮೇಟ್ರನ್ನರಲ್ಲಿ ಎಂದು ತೀರ್ಮಾನವಾಯಿತು. ಡಾಕ್ಟರು ಕೀಯನ್ನು ದಾರದ ಸಮೇತ ಎತ್ತಿ ಡ್ರಾಯರಿಗೆ ಹಾಕಿದರು. ಡ್ರಾಯರು ಮುಚ್ಚುವವರೆಗೂ ಅವಳು ಅದನ್ನೇ ನೋಡಿದಳು.

ವಾಪಸು ಬಸ್ಸಿನಲ್ಲಿ ನರ್ಸು ಮುಂದಿನ ಸೀಟಿನಲ್ಲಿ ತಲೆ ವಾಲಿಸಿ ನಿದ್ದೆ ಹೋದಳು. ಇಪ್ಪತ್ತಾರು ವಾರದಲ್ಲಿ ಅವಳು ನಿದ್ದೆ ಮಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಮೇಟ್ರನ್ ನನ್ನ ಪಕ್ಕ ಕೂತಿದ್ದರು. ಟಿಕೆಟ್ ತೆಗೆದುಕೊಂಡ ಮೇಲೆ ಕೇಳಿದರು.

"ಕೊಳಾಲದವಳದು?"

"ಅವಳದೂ ನೋಡಿಲ್ಲ," ಎಂದೆ.

"ಹ್ಞೂಂ," ಎಂದರು. ಒಂದು ಊರು ದಾಟಿದ ಮೇಲೆ, "ನಾಳೆ ಅವಳಿಗೆ ಫೋನ್ ಮಾಡ್ಬೇಕು. ನಾನು ಮಾಡಲ್ಲ. ನೀನೇ ಮಾಡ್ಬೇಕು." ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು, ಅದು ಅವರಿಗೂ ಗೊತ್ತಿತ್ತು ಅನಿಸುತ್ತದೆ.

ಮನೆ ತಲುಪಿದಾಗ ಐದು ಗಂಟೆ. ಮೇಟ್ರನ್ ಅಡುಗೆಮನೆಯಲ್ಲಿ ಕೂತರು, ಹಿತ್ತಲಿಗೆ ಬರಲಿಲ್ಲ. ಬೆಳಗಿನ ಬಾಟಲಿಯ ಚೀಟಿ ಹರಿದು ಚೆಲ್ಲಿದೆ. ನೀಲಿ ಪುಡಿ ಕದಡಿದೆ. ನರ್ಸು ನೀರು ಕುಡಿದು ಬಚ್ಚಲಿಗೆ ಹೋದಳು. ನಾನು ಎರಡು ಹೆಜ್ಜೆ ದೂರದಲ್ಲಿ ನಿಂತೆ. ನನ್ನ ಕುತ್ತಿಗೆ ತಾನಾಗಿ ಗಿಡದ ಕಡೆ ಹೊರಳಲು ಹೋಯಿತು; ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಲ್ಲಿಸಿದೆ.

"ನೋಡ್ತಿದೀರಾ ಅಕ್ಕ?"

"ನೋಡ್ತಿದೀನಿ."

ನೋಡಿದೆ. ಅದರಲ್ಲಿ ನಾನು ಇಷ್ಟು ದಿನ ಹೆದರಿದಂಥದ್ದು ಏನೂ ಇರಲಿಲ್ಲ. ದಣಿದ ಒಬ್ಬ ಹೆಂಗಸು, ಕೈಯಲ್ಲಿ ಒಂದು ಬಾಟಲಿ, ನೆಲ ತಾಕದಂತೆ ಎತ್ತಿ ಹಿಡಿದ ಇಸ್ತ್ರಿ ಸೀರೆಯ ನೆರಿಗೆ. ಅವಳು ಮುಖ ತಗ್ಗಿಸಲಿಲ್ಲ. ನಾಚಿಕೆಯಾದದ್ದು ನನಗೆ. ಶಾಖ ಮೂವತ್ತಾರು. ಪುಸ್ತಕದ ಹೊಸ ಪುಟದಲ್ಲಿ 'ವಾರ ಒಂದು' ಎಂದು ಬರೆದು ಸಹಿ ಹಾಕಿದೆ. ಅಕ್ಷರ ಸೊಟ್ಟಗಾಯಿತು, ತಿದ್ದಲು ಹೋಗಲಿಲ್ಲ.

ಇಬ್ಬರೂ ಹೋದ ಮೇಲೆ ಒಣಗಿದ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದೆ. ಪಕ್ಕದ ಮನೆಯಾಕೆ ಅವರ ಮಾಳಿಗೆಯ ಮೇಲೆ ಒಣಹಾಕಿದ್ದ ಹುಣಸೆಹಣ್ಣನ್ನು ಮೊರಕ್ಕೆ ಗುಡಿಸುತ್ತಿದ್ದರು. ಅಲ್ಲಿಂದ ನಮ್ಮ ಬಚ್ಚಲ ಒಳಗು ಕಾಣುವುದಿಲ್ಲ. ಗಿಡ, ಗೋಡೆ, ನಾನು ಕಾಣುತ್ತೇವೆ. ದಿನಾ ಬರುವ ಹುಡುಗಿ ಯಾರೆಂದು ಅವರು ಒಮ್ಮೆ ಕೇಳಿದ್ದಾಗ ನಮ್ಮ ಕಡೆಯವಳು ಎಂದಷ್ಟೇ ಹೇಳಿದ್ದೆ.

"ಏನಮ್ಮಾ," ಎಂದು ಮೊರ ಕೊಡವುತ್ತಾ ಕೂಗಿದರು, "ಸ್ವಾಮಾರ ಸ್ವಾಮಾರ ಆ ಕರ್ಬೇವಿನ ಗಿಡದ ಮುಂದೆ ಕೈ ಕಟ್ಕಂಡು ನಿಂತ್ಕತಿದ್ರಲ್ಲ, ಏನೋ ಕಾನ್ವೆಂಟ್ನೋರ ಪ್ರಾರ್ಥನೆ ಅಂದ್ಕಂಡಿದ್ದೆ ಕಣಮ್ಮ. ಇವತ್ತು ಸಂಜೆ ಅದಕ್ಕೆ ಬೆನ್ನು ಹಾಕ್ಬುಟ್ರಿ. ಯಾಕೆ, ದೇವ್ರ ಮ್ಯಾಲೆ ಮುನಿಸಾ?"